ಸ್ಟಾಪು ಕೂಗುತ್ತಿದ್ದ ಸೀನಪ್ಪ

ಕಳೆದ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ ನಮ್ಮ ಸಂಸ್ಥೆಯ ಬಿಳಿ ವ್ಯಾನು ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ವಸತಿಯ ಗೇಟಿನ ಮುಂದೆ ಇರಬೇಕಿತ್ತು. ಇರಲಿಲ್ಲ. ಹನ್ನೊಂದು ತಿಂಗಳಲ್ಲಿ ಒಂದು ದಿನವೂ ತಡ ಮಾಡದ ಚಾಲಕ ಸೀನಪ್ಪ ಪೂಜಾರಿ ಫೋನ್ ಎತ್ತಲಿಲ್ಲ. ಕೊನೆಗೆ ಎತ್ತಿದವನು ಅವನ ರೂಮಿನಲ್ಲಿದ್ದ ಮುಲ್ಕಿಯ ಡ್ಯಾರೆಲ್. ಬೆಳಗಿನ ಚಹಾ ಕುಡಿದು, ಲೋಟ ತೊಳೆದಿಟ್ಟು, ಬೂಟು ಹಾಕಲು ಮಂಚದ ಮೇಲೆ ಕೂತವನು ಹಾಗೆಯೇ ಹಿಂದಕ್ಕೆ ಒರಗಿದ್ದನಂತೆ. ಒಂದು ಕಾಲಿಗೆ ಮಾತ್ರ ಬೂಟಿತ್ತು ಎಂದು ಡ್ಯಾರೆಲ್ ಮತ್ತೆ ಮತ್ತೆ ಹೇಳಿದ.

ಅವನ ವಯಸ್ಸು ಐವತ್ತೊಂಬತ್ತು. ಶವವನ್ನು ಊರಿಗೆ ಕಳಿಸುವ ಕಾಗದಪತ್ರಕ್ಕೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನಾನು ಮಾಡಿದ ಕೆಲಸಗಳು ನನಗೆ ಚೆನ್ನಾಗಿ ನೆನಪಿವೆ, ಯಾಕೆಂದರೆ ಕೆಲಸ ಇಲ್ಲದ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬೆಳುವಾಯಿಯಿಂದ ಅವನ ಹೆಂಡತಿ ಪೂವಕ್ಕ ಫೋನಿನಲ್ಲಿ ಅಳದೆ ಮಾತಾಡಿದರು. ಇವರಿಗೆ ಅಲ್ಲಿ ಒಳ್ಳೆಯ ಜನ ಇದ್ದರಾ ಎಂದಷ್ಟೇ ಕೇಳಿದರು. ಇದ್ದರು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಆಗ ಆಗಲಿಲ್ಲ. ಈ ಬರಹ ಪೂವಕ್ಕನಿಗೆ ಅಂದು ಕೊಡಬೇಕಾಗಿದ್ದ ಉತ್ತರ.

ನಾನು ನೀಲಕಂಠಪ್ಪ, ರೋಣದ ಕಡೆಯವನು. ಹದಿನೇಳು ವರ್ಷಗಳ ಹಿಂದೆ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಹಾಜರಿ ಬರೆಯುವ ಕೆಲಸಕ್ಕೆ ಸೇರಿದ ಮೊದಲ ದಿನ, ಕಾರ್ಮಿಕರ ಕ್ಯಾಂಪಿನಿಂದ ಸೈಟಿಗೆ ಹೋಗುವ ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟು ಸಿಕ್ಕಿತು. ನಸುಕಿನ ಐದು ಗಂಟೆ. ಅರವತ್ತು ಜನ ನಿದ್ದೆಗಣ್ಣಲ್ಲಿ ತೂಗುತ್ತಿದ್ದರು. ಚಾಲಕ ಸೀನಪ್ಪ ಮಾತ್ರ ಯಾರೂ ಕೇಳದಿದ್ದರೂ ಕೂಗುತ್ತಿದ್ದ: ಮುಂದೆ ರೌಂಡಬೌಟ್, ಎಡಕ್ಕೆ ವಾಲ್ತದೆ, ಈಗ ಹಂಪ್ ಉಂಟು, ಗೇಟ್ ನಂಬರ್ ನಾಲ್ಕು, ಇಳಿಯುವವರು ಮುಂದೆ ಬನ್ನಿ. ಬಸ್ಸಿನಲ್ಲಿ ಇದ್ದವರು ಬಿಹಾರದವರು, ನೇಪಾಳದವರು, ತೆಲುಗರು. ಅವನು ಕೂಗುತ್ತಿದ್ದುದು ಅರ್ಧ ಹಿಂದಿ, ಅರ್ಧ ಕನ್ನಡ. ಹಿಂದಿನಿಂದ ಯಾರೋ, ಟಿಕೆಟ್ ಎಲ್ಲಿ ಕಂಡಕ್ಟರ್ ಸಾಬ್ ಎಂದು ಗೇಲಿ ಮಾಡಿದರೆ, ಟಿಕೆಟ್ ಇಲ್ಲದವರನ್ನು ಇಳಿಸಲಿಕ್ಕೆ ಇಲ್ಲಿ ನೆರಳಿರುವ ಮರ ಇಲ್ಲ, ಅದಕ್ಕೆ ಬಿಟ್ಟಿದ್ದೇನೆ ಎನ್ನುತ್ತಿದ್ದ.

ಅವನು ನಿಜವಾಗಿಯೂ ಕಂಡಕ್ಟರಾಗಿದ್ದವನು. ಹದಿನೆಂಟು ತುಂಬುತ್ತಲೇ ಮಂಗಳೂರು–ಕಾರ್ಕಳ ದಾರಿಯ ಖಾಸಗಿ ಬಸ್ಸು ಹತ್ತಿ, ಹನ್ನೆರಡು ವರ್ಷ ಬಾಗಿಲಲ್ಲಿ ನೇತಾಡಿದ್ದ. ಕುಲಶೇಖರ, ವಾಮಂಜೂರು, ಗುರುಪುರ, ಕೈಕಂಬ, ಗಂಜಿಮಠ, ಎಡಪದವು ಎಂದು ಆರಂಭಿಸಿದರೆ ಕಾರ್ಕಳದವರೆಗೆ ಒಂದೇ ಉಸಿರು. ಆ ಕಡೆಯ ಬಸ್ಸುಗಳಲ್ಲಿ ಹೊಸಬನಿಗೆ ಕೆಲಸ ಕಲಿಸುವ ಕ್ರಮವೇ ಹಾಗಂತೆ. ಹೊಸಬ ಸ್ಟಾಪುಗಳನ್ನು ಸಾಲಾಗಿ ಕೂಗಬೇಕು. ಎಲ್ಲಿಯಾದರೂ ತಡವರಿಸಿದರೆ ಹಳಬ ಹಿಂದಿನ ಬಾಗಿಲಿನಿಂದ ಆ ಊರಿನ ಹೆಸರು ಕೂಗಿ ಎತ್ತಿಕೊಡಬೇಕು. ಬಸ್ಸು ನಿಲ್ಲಬಾರದು, ಸಾಲು ಕಡಿಯಬಾರದು. ಸೀನಪ್ಪ ಹಾಗೆ ಕಲಿತವನು, ಹಾಗೆ ಹಲವರಿಗೆ ಕಲಿಸಿದವನು. ಈ ಸಂಗತಿಯನ್ನು ಇಲ್ಲಿ ಬಿಡಿಸಿ ಬರೆಯಲು ಕಾರಣವಿದೆ. ಅವನ ಜೀವನದ ಅತ್ಯಂತ ದೊಡ್ಡ ತಪ್ಪು ಈ ಅಭ್ಯಾಸದಿಂದಲೇ ಆಯಿತು.

ನನ್ನನ್ನು ಅವನು ಮಾಸ್ಟ್ರೆ ಎನ್ನುತ್ತಿದ್ದ. ನಾನು ಎಂದೂ ಪಾಠ ಹೇಳಿದವನಲ್ಲ. ಊಟದ ಬಿಡುವಿನಲ್ಲಿ ಪುಸ್ತಕ ತೆರೆಯುತ್ತಿದ್ದೆ, ಅಷ್ಟೇ. ಅವನ ಲೆಕ್ಕದಲ್ಲಿ ಪುಸ್ತಕ ಹಿಡಿದವರೆಲ್ಲ ಮಾಸ್ಟ್ರು.

ಕೋವಿಡ್ ವರ್ಷ ವಿಮಾನಗಳು ನಿಂತಿದ್ದಾಗ ಊರಲ್ಲಿ ನನ್ನ ತಮ್ಮ ಪ್ರಭುಲಿಂಗ ತೀರಿಕೊಂಡ. ಹೋಗುವಂತಿರಲಿಲ್ಲ. ಸೀನಪ್ಪ ಆಗ ಹಮದ್ ಬಂದರಿನಲ್ಲಿ ನೌಕರರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದ. ಅವತ್ತು ಮಧ್ಯಾಹ್ನ ನನ್ನನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರಿನ ತನಕ ಖಾಲಿ ಬಸ್ಸು ಓಡಿಸಿದ. ಸಮಾಧಾನದ ಒಂದು ಮಾತೂ ಆಡಲಿಲ್ಲ. ದಾರಿಯುದ್ದಕ್ಕೂ ಮುಂದೆ ಏನು ಬರುತ್ತದೆ ಎಂದು ಹೇಳುತ್ತಾ ಹೋದ. ಈಗ ಸೇತುವೆ ಹತ್ತುತ್ತೇವೆ. ಈಗ ಬಲಕ್ಕೆ ಟ್ರೇಲರುಗಳ ಸಾಲು. ಇನ್ನು ಎರಡು ನಿಮಿಷಕ್ಕೆ ಕ್ರೇನು ಕಾಣುತ್ತದೆ. ಮುಂದಿನ ಎರಡು ನಿಮಿಷದಲ್ಲಿ ಏನಾಗುತ್ತದೆ ಎಂದು ಗೊತ್ತಿರುವುದು ಎಷ್ಟು ದೊಡ್ಡ ಆಸರೆ ಎಂದು ನನಗೆ ಅವತ್ತು ತಿಳಿಯಿತು. ಓದಿದ ಪುಸ್ತಕಗಳಲ್ಲಿ ಯಾವುದೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಆಮೇಲೆ ನಾನು ಈಗಿನ ಸಂಸ್ಥೆಗೆ ಬಂದೆ. ಯುದ್ಧ ನಡೆಯುತ್ತಿರುವ ನಾಡುಗಳಿಂದ ಚಿಕಿತ್ಸೆಗೆಂದು ಕತಾರಿಗೆ ಕರೆತಂದವರಿಗೆ ವಸತಿ, ಆಸ್ಪತ್ರೆಯ ಓಡಾಟ, ಜೊತೆಗೊಬ್ಬ ಮನುಷ್ಯ, ಇಷ್ಟನ್ನು ಒದಗಿಸುವ ಸಣ್ಣ ಸಂಸ್ಥೆ. ವಾಹನಗಳ ಹೊಣೆ ನನ್ನದು. ಚಾಲಕ ಬೇಕಾದಾಗ ಸೀನಪ್ಪನ ಹೆಸರು ಹೇಳಿದೆ. ಅವನಿಗೆ ಬಂದರಿನಲ್ಲಿ ಕಲಿತ ಅರಬ್ಬಿ ಇತ್ತು. ವ್ಯಾಕರಣ ಇರಲಿಲ್ಲ, ಧೈರ್ಯ ಇತ್ತು. ಮೊದಲ ವಾರವೇ ನಮ್ಮ ಮನೋಸಲಹೆಗಾರ್ತಿ ನಿಶ್ಮಿತಾ ಅವನ ಕೂಗನ್ನು ಗಮನಿಸಿದಳು. ದೋಹಾದಲ್ಲೇ ಹುಟ್ಟಿ ಬೆಳೆದ ಮಂಗಳೂರಿನ ಹುಡುಗಿ, ಕನ್ನಡ ಎಡವಿ ಎಡವಿ ಬರುತ್ತದೆ. ಭಯ ಹೊತ್ತು ಬಂದವರಿಗೆ ಮುಂದೇನೆಂದು ಮೊದಲೇ ಹೇಳುವುದು ತಮ್ಮ ವಿದ್ಯೆಯಲ್ಲಿ ಒಂದು ಪಾಠವೇ ಆಗಿದೆ, ಅಂಕಲ್ ಅದನ್ನು ಕಲಿಯದೆ ಮಾಡುತ್ತಿದ್ದಾರೆ ಎಂದು ಮೀಟಿಂಗಿನಲ್ಲಿ ಹೇಳಿದಳು. ಪುಸ್ತಕ ಬರೆದವರು ಯಾವ ರೂಟಿನ ಕಂಡಕ್ಟರು ಎಂದು ಸೀನಪ್ಪ ಕೇಳಿದ.

ಅಲ್ ಥುಮಾಮಾದ ಮೇಲೆ ವಿಮಾನದ ಸದ್ದು ತಪ್ಪುವುದಿಲ್ಲ. ಹೊಸದಾಗಿ ಬಂದವರು ಆ ಸದ್ದಿಗೆ ಮೇಜಿನ ಕೆಳಗೆ ಹೋಗುತ್ತಿದ್ದರು. ಸೀನಪ್ಪ ವಿಮಾನಗಳ ವೇಳೆ ಬಾಯಿಪಾಠ ಮಾಡಿಕೊಂಡ. ಈಗ ಒಂದು ಬರ್ತದೆ, ಕೊಚ್ಚಿಯದ್ದು, ಒಳಗೆ ಬರೀ ಬಾಳೆಕಾಯಿ ಚಿಪ್ಸು ಎಂದು ಮೊದಲೇ ಹೇಳುತ್ತಿದ್ದ. ಸದ್ದು ಬರುವ ಮೊದಲೇ ಜನ ಆಕಾಶ ನೋಡಿ ಕಾಯುತ್ತಿದ್ದರು. ಕಾಯುವವನು ಬೆಚ್ಚಿಬೀಳುವುದಿಲ್ಲ.

ಇನ್ನು ಯೂಸುಫ್ ಅವರ ವಿಷಯ. ಅದು ಅವರ ಹೆಸರಲ್ಲ. ಅವರ ದೇಶದ ಹೆಸರನ್ನೂ ಬರೆಯುವುದಿಲ್ಲ. ಇಲ್ಲಿ ಇರುವುದು ತೆರೆದ ನ್ಯಾಯಾಲಯದಲ್ಲಿ ಆಗಲೇ ಆಡಿದ ಮಾತುಗಳು ಮತ್ತು ನಮ್ಮ ವ್ಯಾನಿನೊಳಗೆ ನಡೆದದ್ದು, ಅವರ ಒಪ್ಪಿಗೆಯ ಮೇಲೆ. ಸುಮಾರು ನಲವತ್ತೈದರ ಮನುಷ್ಯ. ತಮ್ಮ ಊರಿನಲ್ಲಿ ಆಂಬುಲೆನ್ಸ್ ಚಾಲಕ. ಒಂದು ಹಗಲು ಗಾಯಾಳುಗಳನ್ನು ಸಾಗಿಸುತ್ತಿದ್ದಾಗ ಅವರ ವಾಹನದ ಮೇಲೆ ಗುಂಡಿನ ಮಳೆಯಾಯಿತು. ಒಳಗಿದ್ದ ಇಬ್ಬರು ರೋಗಿಗಳೂ ಒಬ್ಬ ದಾದಿಯೂ ಸತ್ತರು. ಯೂಸುಫ್ ಒಂದು ಕಾಲು ಕಳೆದುಕೊಂಡು ಉಳಿದರು. ಗುಂಡು ಹಾರಿಸಲು ಕೈ ಎತ್ತಿ ಆಜ್ಞೆ ಕೊಟ್ಟವನನ್ನು ಅವರು ಹತ್ತಿರದಿಂದ ನೋಡಿದ್ದರು. ಅವನು ಆಮೇಲೆ ಬೇರೊಂದು ದೇಶಕ್ಕೆ ಓಡಿಹೋಗಿ ಅಲ್ಲಿ ಸಿಕ್ಕಿಬಿದ್ದ. ಆ ದೇಶದವರು ಯುದ್ಧಾಪರಾಧದ ಮೊಕದ್ದಮೆ ಹೂಡಿದರು. ನೋಡಿದವರಲ್ಲಿ ಬದುಕಿ ಉಳಿದದ್ದು ಯೂಸುಫ್ ಒಬ್ಬರೇ.

ನವೆಂಬರಿನಲ್ಲಿ ಆ ದೇಶದ ತನಿಖಾಧಿಕಾರಿಗಳು ಎಂಟು ದಿನಕ್ಕೆ ದೋಹಾಕ್ಕೆ ಬಂದರು. ನಗರದ ನಜ್ಮಾ ಬಡಾವಣೆಯ ಒಂದು ಕಟ್ಟಡದಲ್ಲಿ ಹೇಳಿಕೆ ಪಡೆಯಲು ಕೋಣೆ ಸಜ್ಜಾಯಿತು. ಮುಖ್ಯಸ್ಥೆ ನರೆಗೂದಲಿನ ಒಬ್ಬ ಮಹಿಳೆ, ಮಾತು ಕಡಿಮೆ. ಯೂಸುಫ್ ಜೊತೆ ಒಡನಾಡುವ ನಮ್ಮೆಲ್ಲರನ್ನೂ ಕೂರಿಸಿಕೊಂಡು ಆಕೆ ಒಂದೇ ನಿಯಮ ಹೇಳಿದರು. ಆ ದಿನದ ಬಗ್ಗೆ ಯಾರೂ ಅವರಲ್ಲಿ ಕೇಳಬಾರದು, ಅವರು ಹೇಳಹೊರಟರೂ ತಡೆಯಬೇಕು. ಊಟ, ನಿದ್ದೆ, ದಾರಿ, ಏನು ಬೇಕಾದರೂ ಮಾತಾಡಿ. ಆ ದಿನ ಮಾತ್ರ ಬೇಡ. ಅವರ ನೆನಪು ಅವರದ್ದೇ ಮಾತಿನಲ್ಲಿ ಬರಬೇಕು. ನಾಳೆ ಎದುರು ಪಕ್ಷದ ವಕೀಲ, ಇದನ್ನು ಯಾರೋ ಹೇಳಿಕೊಟ್ಟರು ಎಂದರೆ ಮೂರು ಜನರ ಸಾವಿಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ.

ಮೊದಲ ದಿನ ಯೂಸುಫ್ ಕಟ್ಟಡದ ಬಾಗಿಲವರೆಗೆ ಬಂದು ಹಿಂದಿರುಗಿದರು. ವ್ಯಾನಿನ ಹಿಂಬಾಗಿಲು ಮುಚ್ಚಿದ ಸದ್ದಿಗೇ ಅವರಿಗೆ ಉಸಿರು ಕಟ್ಟಿತ್ತು. ಎರಡನೆಯ ದಿನ ಸೀನಪ್ಪ ನಿಶ್ಮಿತಾಳನ್ನು ಕೇಳಿ ಅವರನ್ನು ಮುಂದೆ ತನ್ನ ಪಕ್ಕ ಕೂರಿಸಿಕೊಂಡ. ಹೊರಡುವ ಮೊದಲು ನಿಂತ ವ್ಯಾನಿನ ಚಾಲಕನ ಸೀಟಿನಲ್ಲಿ ಹತ್ತು ನಿಮಿಷ ಅವರನ್ನೇ ಕೂರಿಸಿ, ಹಾರ್ನ್, ವೈಪರ್, ಲೈಟು ಎಲ್ಲ ಸರಿ ಇದೆಯೇ ನೋಡಿ ಸದೀಕ್, ನನಗೆ ಈ ಗಾಡಿಯ ಮೇಲೆ ನಂಬಿಕೆ ಇಲ್ಲ ಎಂದ. ಸದೀಕ್ ಎಂದರೆ ಅರಬ್ಬಿಯಲ್ಲಿ ಗೆಳೆಯ. ಯೂಸುಫ್ ಎಲ್ಲವನ್ನೂ ಪರೀಕ್ಷಿಸಿ, ಎಡಗಡೆಯ ಟೈರಿಗೆ ಗಾಳಿ ಕಡಿಮೆ ಎಂದು ಹೇಳಿದರಂತೆ. ನಿಜವಾಗಿಯೂ ಕಡಿಮೆಯಿತ್ತು. ಅವತ್ತು ಅವರು ಕೋಣೆಯವರೆಗೆ ಹೋದರು. ಮೂರನೆಯ ದಿನ ಕುರ್ಚಿಯಲ್ಲಿ ಕೂತರು. ನಾಲ್ಕನೆಯ ದಿನ ಹೆಸರು, ಊರು, ಕೆಲಸ ಹೇಳಿದರು. ಆಂಬುಲೆನ್ಸ್ ಆಸ್ಪತ್ರೆಯ ಗೇಟು ದಾಟಿತು ಎಂಬಲ್ಲಿಗೆ ಬಾಯಿ ಕಟ್ಟಿತು. ಎರಡು ಗಂಟೆ ಕಾದು ತನಿಖಾಧಿಕಾರಿ ಧ್ವನಿಮುದ್ರಣದ ಯಂತ್ರ ಆರಿಸಿದರು. ಐದನೆಯ ದಿನವೂ ಹಾಗೆಯೇ. ಇನ್ನು ಮೂರು ದಿನ ಉಳಿದಿತ್ತು.

ಐದನೆಯ ದಿನ ಹಿಂದಿರುಗುವಾಗ ನಿಶ್ಮಿತಾ ಬೇರೆ ಕೆಲಸಕ್ಕೆ ನಜ್ಮಾದಲ್ಲೇ ಉಳಿದಳು. ವ್ಯಾನಿನಲ್ಲಿ ಇಬ್ಬರೇ. ಪೆಟ್ರೋಲ್ ಬಂಕಿನ ಪಕ್ಕದ ಚಹಾದಂಗಡಿಯ ಮುಂದೆ ಸೀನಪ್ಪ ಗಾಡಿ ನಿಲ್ಲಿಸಿದ. ಇಬ್ಬರಿಗೂ ಹಾಲು ಹಾಕಿ ಗಟ್ಟಿಯಾಗಿ ಕುದಿಸಿದ ಕರಕ್ ಚಹಾ ಬಂತು. ಯೂಸುಫ್ ಲೋಟ ಹಿಡಿದುಕೊಂಡು, ನನ್ನಿಂದ ಆಗುವುದಿಲ್ಲ, ಅವರಿಗೆ ಹೇಳಿಬಿಡು ಎಂದರು. ಸೀನಪ್ಪ, ತನಗೆ ತಲೆ ಕೆಟ್ಟಾಗ ಹಳೆಯ ಬಸ್ಸಿನ ಸ್ಟಾಪು ಹೇಳಿಕೊಳ್ಳುತ್ತೇನೆ ಎಂದು ಕುಲಶೇಖರದಿಂದ ಕಾರ್ಕಳದವರೆಗೆ ಹೇಳಿ ತೋರಿಸಿದ. ಯೂಸುಫ್ ಕೇಳಿಸಿಕೊಂಡರು. ಆಮೇಲೆ, ಯಾರೂ ಕೇಳದೆಯೇ, ತಾವೂ ಶುರು ಮಾಡಿದರು. ಆಸ್ಪತ್ರೆಯ ಗೇಟು. ಬ್ರೆಡ್ಡಿನ ಅಂಗಡಿ. ಶಾಲೆಯ ಗೋಡೆ. ನೀರಿನ ಟ್ಯಾಂಕು. ಟೈರಿನವನ ಮನೆ.

ಅಲ್ಲಿ ನಿಂತರು.

ಸೀನಪ್ಪ ಆಗ ತಡೆಯಬೇಕಿತ್ತು. ನಿಯಮ ಅವನಿಗೆ ಗೊತ್ತಿತ್ತು. ಆದರೆ ಹನ್ನೆರಡು ವರ್ಷ ಬಸ್ಸಿನಲ್ಲಿ ಬೆಳೆದ ಬಾಯಿ ಅದು. ಪಕ್ಕದವನ ಸಾಲು ಕಡಿದಾಗ ಅದು ತಡೆಯುವುದಿಲ್ಲ, ಎತ್ತಿಕೊಡುತ್ತದೆ. ವಾರದ ಹಿಂದೆ ಒಂದು ಫ್ಲೈಓವರ್ ಹತ್ತುವಾಗ ಯೂಸುಫ್ ಕಣ್ಣು ಮುಚ್ಚಿ, ಸೇತುವೆ ಬೇಡ ಎಂದದ್ದು ಅವನ ನೆನಪಿನಲ್ಲಿತ್ತು.

"ಆಮೇಲೆ ಸೇತುವೆ," ಎಂದುಬಿಟ್ಟ.

ಯೂಸುಫ್ ತಲೆಯಾಡಿಸಿದರು. "ಹೌದು. ಸೇತುವೆ," ಎಂದರು. ಮತ್ತೇನೂ ಹೇಳಲಿಲ್ಲ.

ಅರ್ಧ ಗಂಟೆಯ ಮೇಲೆ ಸೀನಪ್ಪ ನನ್ನ ಆಫೀಸಿಗೆ ಬಂದ. ವ್ಯಾನಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟ.

"ಮಾಸ್ಟ್ರೆ, ನಾನು ಒಂದು ಸ್ಟಾಪು ಕೂಗಿಬಿಟ್ಟೆ. ಅವರದ್ದು ಕೂಗ್ಲಿಕ್ಕೆ ನನಗೆ ಹಕ್ಕಿಲ್ಲದ್ದು."

ನಡೆದದ್ದನ್ನು ಕೇಳಿ ನನಗೆ ಮೊದಲು ಬಂದದ್ದು ಭಯ. ಗುಂಡು ಹಾರಿದ್ದು ಆ ಸೇತುವೆಯ ಮೇಲಿನ ಕಾವಲು ಠಾಣೆಯಿಂದ ಎಂಬುದು ಆರೋಪಪಟ್ಟಿಯಲ್ಲೇ ಇತ್ತು; ಮೊಕದ್ದಮೆ ನಿಂತಿರುವುದೇ ಅಲ್ಲಿ. ಇದು ಹೊರಬಂದರೆ ಅವನ ಕೆಲಸ ಹೋಗುತ್ತದೆ, ಯೂಸುಫ್ ಅವರ ಮಾತಿಗೂ ಬೆಲೆ ಹೋಗಬಹುದು. ನಾನು ಅವನಿಗೆ ಏನು ಹೇಳಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

"ಸುಮ್ನಿರು ಸೀನಪ್ಪ. ಗಾಡ್ಯಾಗ ಇದ್ದವ್ರು ನೀವಿಬ್ಬರ. ಅವರಂತೂ ಹೇಳಂಗಿಲ್ಲ. ನೀನೂ ಹೇಳಬ್ಯಾಡ."

ಅವನು ಕೂರಲಿಲ್ಲ.

"ನಾಳೆ ಅವರು ಬಾಯಿ ಬಿಟ್ಟು ಸೇತುವೆ ಅಂತಾರೆ ಅಂತಿಟ್ಕೊಳ್ಳಿ," ಎಂದ. "ಆ ಮಾತು ಅವರದ್ದಾ ನನ್ನದಾ ಅಂತ ಅವರಿಗೇ ಡೌಟು ಬಂದ್ರೆ ಎಂತ ಮಾಡುದು ಮಾರಾಯ್ರೆ? ನಾನು ಹೇಳಿದ್ದನ್ನು ನಾನೇ ಹೋಗಿ ಹೇಳಿದ್ರೆ, ಉಳಿದದ್ದೆಲ್ಲ ಅವರದ್ದೇ ಆಗಿ ಉಳಿತದೆ."

ಅವನೇ ನಿಶ್ಮಿತಾಳಿಗೆ ಫೋನ್ ಮಾಡಿದ. ಅವಳು ಬಂದು, ಬಾಗಿಲು ಹಾಕಿ, ತನ್ನ ತಂದೆಯ ವಯಸ್ಸಿನವನನ್ನು ಬೈದಳು. "ಅಂಕಲ್, ಒಂದೇ ರೂಲ್ ಇತ್ತು. ಜಸ್ಟ್ ಒನ್. ಅಷ್ಟು ಜನ ವೇಯ್ಟ್ ಮಾಡ್ತಾ ಇದ್ದಾರೆ ಅವರ ಮಾತಿಗೆ." ಅವನು ಹೌದು ಎಂದ. ಬೈದು ಮುಗಿದ ಮೇಲೆ ಅವಳ ಕಣ್ಣು ತುಂಬಿತ್ತು. ಅವನೇ ನೀರಿನ ಬಾಟಲಿ ತೆಗೆದುಕೊಟ್ಟ.

ಸಂಜೆಯೊಳಗೆ ತನಿಖಾಧಿಕಾರಿಗೆ ವಿಷಯ ತಿಳಿಯಿತು. ಆಕೆ ಸಿಟ್ಟಾಗಲಿಲ್ಲ. ಮರುದಿನ ಬೆಳಿಗ್ಗೆ ಯೂಸುಫ್ ಅವರಿಗೆ ರಜೆ ಕೊಟ್ಟು, ಅವರು ಕೂರಬೇಕಾಗಿದ್ದ ಕುರ್ಚಿಯಲ್ಲೇ ಸೀನಪ್ಪನನ್ನು ಕೂರಿಸಿ ಹೇಳಿಕೆ ಬರೆಸಿಕೊಂಡರು. ನಾನು ಗೆಳೆಯನಾದ್ದರಿಂದ ಭಾಷಾಂತರಕ್ಕೆ ಆಗುವುದಿಲ್ಲ ಎಂದು, ಫೋನಿನಲ್ಲಿ ಎಲ್ಲಿಂದಲೋ ಕನ್ನಡ ಬಲ್ಲವರೊಬ್ಬರನ್ನು ಹಿಡಿದರು. ಅವನು ಏನು ಕೇಳಿದ, ಏನು ಕೇಳಲಿಲ್ಲ, ಯೂಸುಫ್ ಎಲ್ಲಿ ನಿಂತರು, ಇವನು ಯಾವ ಮಾತು ಸೇರಿಸಿದ, ಅದು ಅವನಿಗೆ ಎಲ್ಲಿಂದ ಬಂತು. ಎರಡು ಪುಟವಾಯಿತು. ಕಾರ್ಕಳದ ದಾರಿಯ ಸ್ಟಾಪುಗಳೆಲ್ಲ ಅದರಲ್ಲಿ ಸಾಲಾಗಿ ಬಂದಿವೆಯಂತೆ. ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ. ಹೊರಗೆ ಬಂದಾಗ ಆಕೆ ಅವನಿಗೆ ಹೇಳಿದ್ದನ್ನು ನಿಶ್ಮಿತಾ ನನಗೆ ತಿಳಿಸಿದಳು: ಮುಚ್ಚಿಟ್ಟಿದ್ದರೆ ಇದರಿಂದ ಪಾರಾಗಲು ನಮಗೆ ದಾರಿ ಇರುತ್ತಿರಲಿಲ್ಲ, ಈಗ ಇದನ್ನು ತೂಗಿ ನೋಡಬಹುದು. ಹೇಳಿಕೆ ಮುಗಿಯುವವರೆಗೆ ಅವನು ಯೂಸುಫ್ ಕಣ್ಣಿಗೆ ಬೀಳಬಾರದು ಎಂದೂ ಹೇಳಿದರು.

ಏಳನೆಯ ದಿನ ವ್ಯಾನು ಓಡಿಸುವ ಸರದಿ ನನ್ನದಾಯಿತು. ಬೇರೆ ಚಾಲಕರಿದ್ದರು, ಸೀನಪ್ಪನೇ ನನ್ನ ಹೆಸರು ಹೇಳಿದ್ದ. ಬೆಳಿಗ್ಗೆ ನನ್ನ ಕೈಗೆ ಒಂದು ಹಾಳೆ ಕೊಟ್ಟ. ಅಲ್ ಥುಮಾಮಾದ ಗೇಟಿನಿಂದ ಇ–ರಿಂಗ್, ಡಿ–ರಿಂಗ್ ಎಂಬ ವರ್ತುಲ ರಸ್ತೆಗಳನ್ನು ದಾಟಿ ನಜ್ಮಾದವರೆಗೆ ದಾರಿಯ ಪ್ರತಿಯೊಂದು ಸಿಗ್ನಲ್, ಪ್ರತಿಯೊಂದು ತಿರುವು, ಎಲ್ಲಿ ಬ್ರೇಕ್ ಒತ್ತಬೇಕು, ಎಲ್ಲಿ ಶಾಲೆಯ ಮುಂದೆ ಮಕ್ಕಳ ಗಲಾಟೆ ಕೇಳುತ್ತದೆ, ಎಷ್ಟು ಗಂಟೆಗೆ ಯಾವ ವಿಮಾನ ಇಳಿಯುತ್ತದೆ. ಫ್ಲೈಓವರ್ ತಪ್ಪಿಸಲು ಒಂದು ಸುತ್ತು ದಾರಿ. ಒಟ್ಟು ಒಂಬತ್ತು ಹಂಪು. ಹದಿನೇಳು ವರ್ಷ ಈ ಊರಿನಲ್ಲಿದ್ದು ನಾನು ಅಲ್ಲಿ ನಾಲ್ಕಕ್ಕಿಂತ ಹೆಚ್ಚು ಹಂಪು ನೋಡಿರಲಿಲ್ಲ.

ಯೂಸುಫ್ ಮುಂದಿನ ಸೀಟಿಗೆ ಹತ್ತಿ, ಸೀನ ಎಲ್ಲಿ ಎಂದರು. ಹೇಳಬಾರದ ಮಾತು ಹೇಳಿದೆ ಎಂದು ಅವನೇ ಹೋಗಿ ಒಪ್ಪಿಕೊಂಡಿದ್ದಾನೆ, ನೀವು ಮುಗಿಸುವ ತನಕ ಬರುವಂತಿಲ್ಲ ಎಂದು ನನಗೆ ಬರುವಷ್ಟು ಅರಬ್ಬಿಯಲ್ಲಿ ಹೇಳಿದೆ. ಅಷ್ಟು ಹೇಳಲು ನಿಶ್ಮಿತಾ ಅಪ್ಪಣೆ ಕೊಟ್ಟಿದ್ದಳು. ಅವರು ಕೈಯಿಂದ ಕೃತಕ ಕಾಲನ್ನು ಎತ್ತಿ ಸರಿಯಾಗಿ ಇಟ್ಟುಕೊಂಡರು.

ಹಾಳೆಯನ್ನು ಸ್ಟೇರಿಂಗಿನ ಮೇಲಿಟ್ಟುಕೊಂಡು ನಾನು ಕೂಗಲು ಶುರು ಮಾಡಿದೆ. ಸಭೆಯಲ್ಲಿ ಭಾಷಣ ಓದಿದವನು ನಾನು, ಇದು ಬರಲಿಲ್ಲ. ಎಡಕ್ಕೆ ಎಂದು ಹೇಳುವಾಗ ತಿರುವು ಮುಗಿದಿರುತ್ತಿತ್ತು. ಮೂರನೆಯ ಹಂಪು ಗಡಗಡ ದಾಟಿದ ಮೇಲೆ, ಹಂಪ್ ಎಂದೆ. ಯೂಸುಫ್ ನನ್ನ ಕಡೆ ತಿರುಗಿ ನೋಡಿದರು. ಗಂಟಲಲ್ಲಿ ಒಂದು ಸದ್ದಾಯಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. "ನೀನು ಸುದ್ದಿ ಓದುತ್ತಿದ್ದೀಯ," ಎಂದರು. "ಕೊಡು ಇಲ್ಲಿ." ಹಾಳೆ ಕನ್ನಡದಲ್ಲಿತ್ತು. ತಿರುಗಿಸಿ ಮುರುಗಿಸಿ ನೋಡಿ ಹಿಂದೆ ಕೊಟ್ಟರು. ಆದರೆ ಆಮೇಲಿನ ದಾರಿಯನ್ನು ಅವರೇ ನನಗೆ ಹೇಳುತ್ತಾ ಹೋದರು. ಹಂಪುಗಳು ಅವರಿಗೂ ಬಾಯಿಪಾಠವಾಗಿದ್ದವು.

ಅವತ್ತು ಅವರು ಆ ಕೋಣೆಯಲ್ಲಿ ನಾಲ್ಕು ಗಂಟೆ ಕೂತರು. ಮರುದಿನ ಎರಡು ಗಂಟೆ. ಆಸ್ಪತ್ರೆಯ ಗೇಟಿನಿಂದ ಹಿಡಿದು, ಒಂದೊಂದೇ ಸ್ಟಾಪು ಹೆಸರಿಸುತ್ತಾ, ಸೇತುವೆಯವರೆಗೆ ಬಂದು, ಅದನ್ನೂ ದಾಟಿ ಹೇಳಿದರು ಎಂದು ಆಮೇಲೆ ತಿಳಿಯಿತು. ಬಾಗಿಲ ಹೊರಗೆ ಕೂತಿದ್ದ ನನಗೆ ಕೇಳಿಸಿದ್ದು ಬಿಡದೆ ನಡೆಯುತ್ತಿದ್ದ ಒಂದು ದನಿ ಮಾತ್ರ.

ಸೀನಪ್ಪನ ಕೆಲಸ ಹೋಗಲಿಲ್ಲ. ಎಚ್ಚರಿಕೆಯ ಪತ್ರ ಬಂತು. ಅದನ್ನು ಮಡಚಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡ. ತನಿಖಾಧಿಕಾರಿಗಳು ಹೊರಟುಹೋದ ಮೇಲೆ ಅವನೂ ಯೂಸುಫ್ ಅವರೂ ಮತ್ತೆ ಅದೇ ಚಹಾದಂಗಡಿಯ ಮುಂದೆ ಕೂತದ್ದನ್ನು ನಾನು ನೋಡಿದೆ. ಆ ವಿಷಯ ಇಬ್ಬರೂ ಎತ್ತಲಿಲ್ಲವಂತೆ. ಟೈರಿನ ಗಾಳಿಯ ಬಗ್ಗೆ ವಾದ ಮಾಡಿದರಂತೆ. ಡಿಸೆಂಬರ್, ಜನವರಿ ಎರಡು ತಿಂಗಳು ಅವನು ಅವರಿಗೆ ಕಾರ್ಕಳದ ದಾರಿ ಕಲಿಸಿದ. ಎಡಪದವು ಎನ್ನಲು ಅವರ ನಾಲಿಗೆ ಕೊನೆಗೂ ಹೊರಳಲಿಲ್ಲ.

ಆದರೆ ಅವನ ಮನಸ್ಸಿನ ಒಳಗೆ ಅದು ಉಳಿದಿತ್ತು. ಕೇಸು ಏನಾಯಿತು ಮಾಸ್ಟ್ರೆ ಎಂದು ವಾರಕ್ಕೊಮ್ಮೆ ಕೇಳುತ್ತಿದ್ದ. ಇನ್ನೂ ವಿಚಾರಣೆ ಶುರುವಾಗಿಲ್ಲ ಎನ್ನುತ್ತಿದ್ದೆ. ನನ್ನ ಒಂದು ಮಾತಿನಿಂದ ಹಾಳಾಗದಿದ್ರೆ ಸಾಕು ಎನ್ನುತ್ತಿದ್ದ. ಅದನ್ನು ತಿಳಿಯದೆಯೇ ಫೆಬ್ರವರಿಯಲ್ಲಿ ಹೋದ.

ಏಪ್ರಿಲಿನಲ್ಲಿ ವಿಚಾರಣೆ ನಡೆಯಿತು. ಯೂಸುಫ್ ದೋಹಾದಿಂದಲೇ ವೀಡಿಯೊ ಮೂಲಕ ಸಾಕ್ಷಿ ಹೇಳಬೇಕಿತ್ತು. ಅದೇ ನಜ್ಮಾದ ಕಟ್ಟಡ, ಅದೇ ಕೋಣೆ. ಜೊತೆಗೆ ಒಬ್ಬ ಬೆಂಬಲದ ವ್ಯಕ್ತಿ ಇರಬಹುದೆಂದು ನ್ಯಾಯಾಲಯ ಒಪ್ಪಿತ್ತು. ಅವರು ನನ್ನ ಹೆಸರು ಕೊಟ್ಟರು. ಯಾಕೆ ನಾನು, ನಿಶ್ಮಿತಾ ಇದ್ದಾಳಲ್ಲ ಎಂದಾಗ, ನೀನು ಸೀನನ ಸ್ನೇಹಿತ ಎಂದರು. ನಾನು ಅವರ ಹಿಂದೆ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತೆ. ಮಾತಿಲ್ಲ, ಸನ್ನೆಯಿಲ್ಲ, ತಲೆಯಾಡಿಸುವಂತಿಲ್ಲ. ನೀರು ಕೇಳಿದರೆ ಕೊಡಬಹುದು. ಪರದೆಯ ಮೇಲೆ ನ್ಯಾಯಾಧೀಶರು, ವಕೀಲರು, ಒಂದು ಮೂಲೆಯಲ್ಲಿ ಗಾಜಿನ ಹಿಂದೆ ಆ ಮನುಷ್ಯ.

ಮೊದಲ ದಿನ ಯೂಸುಫ್ ಎಲ್ಲವನ್ನೂ ಹೇಳಿದರು. ಎರಡನೆಯ ದಿನ ಎದುರು ಪಕ್ಷದ ವಕೀಲರು ಎದ್ದರು. ಸೌಜನ್ಯದ ಮನುಷ್ಯ, ದನಿ ಏರಿಸಲಿಲ್ಲ. ಕೈಯಲ್ಲಿ ಎರಡು ಹಾಳೆ ಹಿಡಿದಿದ್ದರು. ಕೆಳಗಿನ ಸಹಿ ಕನ್ನಡದ್ದು. ಪರದೆಯಲ್ಲಿ ಅದು ಒಂದು ಕ್ಷಣ ಹತ್ತಿರ ಬಂದು ಹೋಯಿತು.

ಸೀನಪ್ಪ ಪೂಜಾರಿ ಎಂಬ ಚಾಲಕ ನಿಮಗೆ ಗೊತ್ತೇ? ಗೊತ್ತು. ಸೇತುವೆ ಎಂಬ ಮಾತನ್ನು ನಿಮಗೆ ಮೊದಲು ಹೇಳಿದ್ದು ಆತನೇ? ಆತನೇ. ಹಾಗಾದರೆ ಆ ಸೇತುವೆ ನಿಮ್ಮ ನೆನಪಿನದ್ದೋ, ಆತ ಕೊಟ್ಟದ್ದೋ?

ಯೂಸುಫ್ ನೀರು ಕೇಳಿದರು. ಕೊಟ್ಟೆ. ಕುಡಿದು ಲೋಟವನ್ನು ಮೇಜಿನ ಮೇಲಿಟ್ಟರು.

"ಸೇತುವೆ ಎಂಬ ಮಾತನ್ನು ಅವನು ಹೇಳಿದ," ಎಂದರು. "ಹೇಳಿದ್ದು ತಪ್ಪು ಎಂದು ಅವನೇ ಬಂದು ನಿಮಗೆ ಬರೆದುಕೊಟ್ಟಿದ್ದಾನೆ. ಅವನು ಬಸ್ಸಿನವನು. ಮರಳಿನ ಚೀಲ ಸೇತುವೆಯ ಯಾವ ಕಡೆ ಇತ್ತು ಎಂದು ಅವನು ಕೇಳಲಿಲ್ಲ. ನಾನು ಗಾಡಿ ನಿಲ್ಲಿಸಿ ಬಿಳಿ ಬಟ್ಟೆ ತೋರಿಸಿದ್ದು ಅವನಿಗೆ ಗೊತ್ತಿಲ್ಲ. ಆ ಮನುಷ್ಯ ಎತ್ತಿದ್ದು ಎಡಗೈ, ಆ ಕೈಯಲ್ಲಿ ಎರಡು ಬೆರಳು ಇರಲಿಲ್ಲ, ಅದೂ ಅವನಿಗೆ ಗೊತ್ತಿಲ್ಲ. ಅವನು ಗೊತ್ತಿಲ್ಲದೆಯೇ ಸತ್ತ. ಅದನ್ನೆಲ್ಲ ನಾನು ಹೇಳಿದ್ದು ಈ ಕೋಣೆಯಲ್ಲಿ ಮಾತ್ರ."

ವಕೀಲರು ಹಾಳೆಗಳನ್ನು ಮತ್ತೊಮ್ಮೆ ನೋಡಿದರು. ಆ ಎರಡು ಪುಟದಲ್ಲಿ ಚೀಲವಿಲ್ಲ, ಬಿಳಿ ಬಟ್ಟೆಯಿಲ್ಲ, ಬೆರಳಿಲ್ಲ. ಇರುವುದು ಕುಲಶೇಖರ, ವಾಮಂಜೂರು, ಗುರುಪುರ, ಮತ್ತು ಒಂದು ಸೇತುವೆ. ಈ ಸಾಕ್ಷಿಗೆ ನನ್ನ ಬೇರೆ ಪ್ರಶ್ನೆಗಳಿಲ್ಲ ಎಂದು ಕೂತರು. ನ್ಯಾಯಾಧೀಶರು ಹೇಳಿಕೆಯನ್ನು ದಾಖಲೆಗೆ ತೆಗೆದುಕೊಂಡರು. ಚಾಲಕನ ಹೇಳಿಕೆಯನ್ನೂ ಅದರ ಜೊತೆಗೆ ಸೇರಿಸುವಂತೆ ಹೇಳಿದರು.

ತೀರ್ಪು ಇನ್ನೂ ಬಂದಿಲ್ಲ. ಏನು ಬರುತ್ತದೋ ನಾನು ಹೇಳಲಾರೆ. ಆದರೆ ಪೂವಕ್ಕ, ನಿಮ್ಮ ಗಂಡ ವಾರಕ್ಕೊಮ್ಮೆ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಬಂದಿದೆ. ಅವನ ಒಂದು ಮಾತಿನಿಂದ ಏನೂ ಹಾಳಾಗಲಿಲ್ಲ. ನಾನು ಹೇಳಿದಂತೆ ಅವನು ಸುಮ್ಮನಿದ್ದಿದ್ದರೆ, ಯೂಸುಫ್ ಅಂದು ಆ ಪ್ರಶ್ನೆಯ ಮುಂದೆ ಒಬ್ಬರೇ ನಿಲ್ಲಬೇಕಾಗುತ್ತಿತ್ತು. ಇಲ್ಲಿ ಅವನಿಗೆ ಒಳ್ಳೆಯ ಜನ ಇದ್ದರಾ ಎಂದು ಕೇಳಿದಿರಿ. ಇದ್ದರು. ಅವರಲ್ಲಿ ಒಬ್ಬನಾಗಿದ್ದೆ ಎಂದು ಹೇಳಿಕೊಳ್ಳುವಷ್ಟು ಧೈರ್ಯ ನನಗಿಲ್ಲ. ಆದರೆ ಅವನ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಅದು ನನಗೆ ಸಿಕ್ಕಿದ ಭಾಗ್ಯ.

ಸಾಕ್ಷಿ ಮುಗಿಸಿ ಅವತ್ತು ಹಿಂದಿರುಗುವಾಗ ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ನೀರಿನಂತೆ ಹೊಳೆಯುತ್ತಿತ್ತು. ಯೂಸುಫ್ ಮುಂದಿನ ಸೀಟಿನಲ್ಲಿ ಕೂತಿದ್ದರು. ಡಿ–ರಿಂಗ್ ದಾಟಿದ ಮೇಲೆ ಸುತ್ತು ದಾರಿಗೆ ತಿರುಗಿಸಲು ನಾನು ಇಂಡಿಕೇಟರ್ ಹಾಕಿದೆ. ಅವರು ಕೈ ಅಡ್ಡ ಮಾಡಿ, ನೇರ ಹೋಗು ಎಂದರು. ನೇರ ಹೋದರೆ ಫ್ಲೈಓವರ್. ಹತ್ತುವಾಗ ಅವರು ಕಣ್ಣು ತೆರೆದೇ ಇಟ್ಟುಕೊಂಡಿದ್ದರು. ಒಂದು ವಿಮಾನ ತಗ್ಗಿ ಬಂತು. ಕೊಚ್ಚಿಯದ್ದು ಎಂದರು. ಫ್ಲೈಓವರ್ ಇಳಿದು ಅಲ್ ಥುಮಾಮಾದ ರಸ್ತೆಗೆ ಹೊರಳಿದೆವು. ನನ್ನ ಕಣ್ಣು ಮಂಜಾಗಿತ್ತು, ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ.

"ಹಂಪ್ ಉಂಟು," ಎಂದರು ಯೂಸುಫ್, ಕನ್ನಡದಲ್ಲಿ.

ನಾನು ಬ್ರೇಕ್ ಒತ್ತಿದೆ.